ಮುಚ್ಚಿದ ಕಿಟಕಿಯ ಕೆಳಗೆ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ಶುರು ಮಾಡಿದರೆ ನಿಮಗೆ ಆರಾಮು. ಶ್ರೀಮಂತರ ಕಥೆ, ನಮಗಲ್ಲ ಅಂತ ಕಂಬಕ್ಕೆ ಒರಗಿಬಿಡ್ತೀರಿ. ಅದಕ್ಕೇ ಇವತ್ತು ಒಬ್ಬ ಬಡವನಿಂದ ಶುರು ಮಾಡ್ತೇನೆ. ತುರ್ಕರ ಸುಲ್ತಾನರು ಆಳುತ್ತಿದ್ದ ಕಾಲ. ಬೆಟ್ಟದ ಸೀಮೆಯ ದೋಣಿಗಾರನ ಮಗ ಒಬ್ಬ ಅರಮನೆಯ ಕುದುರೆ ಲಾಯ ಗುಡಿಸೋಕೆ ಸೇರಿದ. ದುಡಿದ, ಅಕ್ಷರ ಕಲಿತ, ಗುಮಾಸ್ತನಾದ, ಒಂದು ಸೀಮೆಗೆ ಅಧಿಕಾರಿಯಾದ. ಕೊನೆಗೆ ಸುಲ್ತಾನ ತನ್ನ ಮುದ್ರೆಯನ್ನು ರೇಷ್ಮೆ ಚೀಲದಲ್ಲಿಟ್ಟು ಅವನ ಕೊರಳಿಗೆ ಹಾಕಿದ. ಮಹಾವಜೀರ ಆದ.

ಆ ರಾಜಧಾನಿಯಲ್ಲಿ ಒಂದು ಪದ್ಧತಿ ಇತ್ತು, ನೋಡಿ. ಅನ್ಯಾಯವಾದವರು ಅರಮನೆ ಮುಂದಿನ ಮೈದಾನಕ್ಕೆ ಬಂದು, ಹಳೇ ಚಾಪೆಗೆ ಬೆಂಕಿ ಹಚ್ಚಿ ತಲೆ ಮೇಲೆ ಎತ್ತಿ ಹಿಡಿಯಬೇಕು. ಮೇಲೆ ಒಂದು ಕಿಟಕಿ. ಅಲ್ಲಿ ವಜೀರ ಕೂತಿರಬೇಕು. ಹೊಗೆ ಕಂಡರೆ ಒಳಗೆ ಕರೆಸಿ, ಮಾತು ಕೇಳಿ, ಸುಲ್ತಾನನಿಗೆ ಮುಟ್ಟಿಸಬೇಕು. ನಮ್ಮ ವಜೀರ ಮೊದಮೊದಲು ಊಟದ ತಟ್ಟೆಯನ್ನೂ ಆ ಕಿಟಕಿ ಹತ್ತಿರವೇ ತರಿಸಿಕೊಳ್ತಿದ್ದ. ಒಂದು ಸಲ ಒಬ್ಬ ವಿಧವೆಯ ಚಾಪೆ ಹೊಗೆ ನೋಡಿ, ಬಾಯಲ್ಲಿದ್ದ ತುತ್ತು ನುಂಗದೆ ಎದ್ದು ಹೋದ. ತಪ್ಪಿಲ್ಲದೆ ಸೆರೆಯಲ್ಲಿದ್ದ ಅವಳ ಮಗ ಸಂಜೆಗೆ ಮನೆ ಸೇರಿದ.

ಆಮೇಲೆ ಏನಾಯ್ತು? ದೊಡ್ಡ ಪಾಪವೇನೂ ಮಾಡಲಿಲ್ಲ. ಒಂದು ದಿನ ಯಾವುದೋ ದೇಶಕ್ಕೆ ಹೋಗಬೇಕಾದ ಒಪ್ಪಂದದ ಕಾಗದದ ಮೇಲೆ ಚಾಪೆ ಹೊಗೆಯ ಮಸಿ ಉದುರಿತು. ಅವನಿಗೆ ಕೆಮ್ಮು ಬೇರೆ. "ಈ ಕಾಗದ ಮುಗಿಯೋವರೆಗೆ ಕಿಟಕಿ ಮುಚ್ಚಿರಲಿ" ಅಂದ. ಅಷ್ಟೇ. ಕಾಗದ ಮುಗೀತು. ತೆಗೀರಿ ಅಂತ ಹೇಳೋದು ಮರೆತ. ಒಳಗೆ ತಂಪಾಗಿತ್ತು, ಸದ್ದಿರಲಿಲ್ಲ. ದೂರು ಬರೋದು ನಿಂತಿತು, ನನ್ನ ಆಳ್ವಿಕೆಯಲ್ಲಿ ಜನ ಸುಖವಾಗಿದ್ದಾರೆ ಅಂತ ಅಂದುಕೊಂಡ. ಹನ್ನೆರಡು ವರ್ಷ ಹಾಗೇ ಅಂದುಕೊಂಡ.

ಹದಿಮೂರನೇ ವರ್ಷ ಗಡಿಯ ಕೋಟೆ ಒಂದು ಬಿತ್ತು. ವಜೀರ ಶತ್ರುವಿನ ಜೊತೆ ಸೇರಿದ್ದಾನೆ ಅಂತ ಯಾರೋ ಚಾಡಿ ಹೇಳಿದರು. ಸುಳ್ಳು. ಆದರೂ ಬೆಳಗ್ಗೆ ಮುದ್ರೆ ಕಿತ್ತುಕೊಂಡರು. ಮಧ್ಯಾಹ್ನದ ಹಡಗಿನಲ್ಲಿ ದ್ವೀಪದ ಸೆರೆಮನೆಗೆ, ಸಾಯೋವರೆಗೆ.

"ಸುಲ್ತಾನರು ಒಂದೇ ಒಂದು ಮಾತು ಕೇಳಲಿ" ಅಂತ ಕಾವಲಿನವನ ಕೈ ಹಿಡಿದುಕೊಂಡ.

ಕಾವಲಿನವನು ಮರ್ಯಾದೆಯಿಂದಲೇ ಹೇಳಿದ: "ಅದಕ್ಕೆ ಪದ್ಧತಿ ಇದೆಯಲ್ಲ ಸ್ವಾಮಿ. ಮೈದಾನಕ್ಕೆ ಬನ್ನಿ. ಹಡಗು ಹೊರಡೋವರೆಗೆ ನಾನು ಕಾಯ್ತೀನಿ."

ಮೈದಾನದಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಅವಳ ಮನೆ ಯಾರೋ ಕಸಿದುಕೊಂಡಿದ್ದರು. ತನ್ನ ಚಾಪೆಯಲ್ಲಿ ಅರ್ಧ ಹರಿದು ಅವನಿಗೆ ಕೊಟ್ಟಳು. ಅವನು ಹಚ್ಚಿದ, ಎತ್ತಿ ಹಿಡಿದ. ಕೈ ಸುಟ್ಟಿತು. ಕಿಟಕಿ ಮುಚ್ಚೇ ಇತ್ತು. ಅದರ ಹಿಂದೆ ಬೆಳಗ್ಗೆ ತಾನೇ ಮುದ್ರೆ ಸಿಕ್ಕ ಹೊಸ ವಜೀರ ಕೂತಿದ್ದ, ಅವನಿಗೆ ಅದು ತೆಗೆಯೋ ಕಿಟಕಿ ಅಂತಲೇ ಗೊತ್ತಿರಲಿಲ್ಲ.

ಮುದುಕಿ ಅಂದಳು: "ಸುಮ್ಮನೆ ಕೈ ಸುಟ್ಕೋಬೇಡಪ್ಪ. ನಾನು ದಿನಾ ಬಂದು ನೋಡ್ತೀನಿ, ಅದನ್ನ ಯಾರೂ ತೆಗೆಯಲ್ಲ. ಹಿಂದೆ ಒಬ್ಬ ಪುಣ್ಯಾತ್ಮ ಇದ್ದ, ನನ್ನ ಮಗನ್ನ ಬಿಡಿಸಿಕೊಟ್ಟ. ತುತ್ತು ಬಾಯಲ್ಲೇ ಇತ್ತು, ಹಾಗೇ ಎದ್ದು ಬಂದಿದ್ದ. ಪಾಪ, ಸತ್ತುಹೋದ ಅಂತ ಕಾಣುತ್ತೆ. ಅವನಿದ್ದಿದ್ದರೆ ಈ ಕಿಟಕಿ ಮುಚ್ಚೋಕೆ ಬಿಡ್ತಿರಲಿಲ್ಲ."

ಅವನಿಗೆ ಗುರುತು ಸಿಕ್ಕಿತು. ಅವಳಿಗೆ ಸಿಗಲಿಲ್ಲ. "ಹೌದಮ್ಮ, ಅವನು ಸತ್ತು ಹನ್ನೆರಡು ವರ್ಷವಾಯ್ತು" ಅಂದ. ಹಾಗೆ ಹೇಳಿ ಹಡಗಿನ ಕಡೆಗೆ ನಡೆದ.

ಪಾಪ ಅಂತೀರಾ? ಯಾರನ್ನ ಪಾಪ ಅಂತೀರಿ? ಹೋದ ತಿಂಗಳು ನಮ್ಮ ಮಠದ ಬಾಗಿಲಿಗೆ ಒಬ್ಬ ಬಂದಿದ್ದ. ಸ್ವಾಮಿಗಳು ಪೂಜೆಯಲ್ಲಿದ್ದಾರೆ ಅಂತ ಶಿಷ್ಯನ ಕೈಲಿ ಹೇಳಿಸಿ ಕಳಿಸಿದೆ. ಪೂಜೆಯಲ್ಲಿರಲಿಲ್ಲ, ಮಲಗಿದ್ದೆ. ಆ ಮನುಷ್ಯ ಮತ್ತೆ ಬರಲಿಲ್ಲ. ಅದಕ್ಕೇ ಈ ಕಥೆ ಹೇಳಿದೆ.

ಈಗ ನಿಮ್ಮ ವಿಷಯ. ನಮ್ಮನೇಲಿ ಜಗಳವೇ ಇಲ್ಲ ಅಂತ ಹೆಮ್ಮೆಯಿಂದ ಹೇಳ್ತೀರಲ್ಲ, ಸೊಸೆ ಹೇಳೋದನ್ನೇ ಬಿಟ್ಟಿರಬಹುದು, ಯೋಚನೆ ಮಾಡಿದ್ದೀರಾ? ಅಂಗಡಿ ಆಳು ಎರಡು ಸಲ ತಲೆ ಕೆರೆದುಕೊಂಡು ನಿಂತ, ನಾಳೆ ನೋಡೋಣ ಅಂದಿರಿ. ಆ ನಾಳೆ ಬಂತಾ? ಇವತ್ತು ಮನೆಗೆ ಹೋಗಿ, ಯಾರು ನಿಮ್ಮ ಹತ್ತಿರ ಮಾತಾಡೋದು ನಿಲ್ಲಿಸಿದ್ದಾರೋ ಅವರ ಹತ್ತಿರ ನೀವಾಗಿ ಹೋಗಿ. ಫೋನು ಕೆಳಗಿಡಿ. ಏನಾಗಿತ್ತು ಹೇಳು ಅಂತ ಕೇಳಿ, ಮುಗಿಯೋವರೆಗೆ ಬಾಯಿ ಹಾಕಬೇಡಿ. ಅವರು ಏನೂ ಇಲ್ಲ ಬಿಡಿ ಅಂದರೆ, ನಾಳೆ ಮತ್ತೆ ಕೇಳಿ, ನಾಡಿದ್ದೂ ಕೇಳಿ. ಹನ್ನೆರಡು ವರ್ಷ ಮುಚ್ಚಿಟ್ಟಿದ್ದು ಒಂದೇ ದಿನಕ್ಕೆ ತೆರೆದುಕೊಳ್ಳೋದಿಲ್ಲ.