ಕ್ಯಾಮೆರಾದ ತಪ್ಪೆಂದುಕೊಂಡ ಹಳದಿ

ಸ್ಕ್ಯಾನಿಂಗ್ ಕೋಣೆಯ ಹೊರಗೆ ಗಂಡನಿಗಾಗಿ ಕಾಯುತ್ತಿದ್ದ ದರ್ಜಿ ಹೆಂಗಸಿನ ಪಕ್ಕದಲ್ಲಿ ಅಕ್ಕ, ತಮ್ಮ ಕೂತಿದ್ದರು. ಇಬ್ಬರೂ ಸೇರಿ ಫೋಟೊ ಸ್ಟುಡಿಯೊ ನಡೆಸುವವರೆಂದು, ಒಳಗಿರುವುದು ಅವರ ಅಮ್ಮನೆಂದು ಮಾತಿನಲ್ಲೇ ತಿಳಿಯಿತು. ಬೇಡವೆಂದರೂ ದರ್ಜಿಯ ಕಿವಿ ಅತ್ತಲೇ ಹೋಗುತ್ತಿತ್ತು.

“ಕಾಮಾಲೆ ಯಾವಾಗಿಂದ ಅಂತ ಡಾಕ್ಟರು ಕೇಳಿದರು. ಏನು ಹೇಳಲಿ?” ಅಂದಳು ಅಕ್ಕ.

“ಚಿಕ್ಕಮ್ಮನ ಮಗಳ ಮದುವೆಯಲ್ಲೇ ಇತ್ತು ಅಕ್ಕ.”

“ನಿಂಗೆ ಹೇಗೆ ಗೊತ್ತು?”

“ನನ್ನ ಕ್ಯಾಮೆರಾದಲ್ಲಿ ಅಮ್ಮ ಹಳದಿಯಾಗಿ ಬಂದಿದ್ದಳು. ನಿನ್ನ ಕ್ಯಾಮೆರಾಗೆ ಅಂತ ಮಾಡಿಟ್ಟ, ಬಣ್ಣ ಸರಿಮಾಡೋ ವೈಟ್ ಬ್ಯಾಲೆನ್ಸ್ ಪ್ರಿಸೆಟ್ಟನ್ನೇ ನನ್ನ ಫೋಟೊಗೂ ಹಾಕಿದ್ದೆ. ಅದು ಒಂದೊಂದು ಕ್ಯಾಮೆರಾಗೆ ಒಂದೊಂದು ಬಣ್ಣ ಕೊಡುತ್ತಲ್ಲ, ಅದೇ ರಗಳೆ ಅಂದುಕೊಂಡೆ.”

“ಆಮೇಲೆ?”

“ಹಳದಿ ಹೋಗೋವರೆಗೂ ತಿದ್ದಿದೆ.”

“ಫೋಟೊದಲ್ಲಿ ಪಕ್ಕದಲ್ಲೇ ಚಿಕ್ಕಮ್ಮ ಇದ್ದಳಲ್ಲೋ, ಅವಳು ಹಳದಿ ಇರಲಿಲ್ವಲ್ಲ?”

“ಅಮ್ಮ ಸರಿಹೋದಾಗ ಚಿಕ್ಕಮ್ಮ ನೀಲಿಯಾದಳು. ಹಳದಿ ಕ್ಯಾಮೆರಾದ್ದಲ್ಲ, ಅಮ್ಮನದೇ ಅಂತ ಆಗಲಾದರೂ ಹೊಳೀಬೇಕಿತ್ತು. ಅವಳನ್ನ ಬೇರೆಯಾಗಿ ಸರಿಮಾಡಿಬಿಟ್ಟೆ.”



“ಆಗಲೇ ಬಂದಿದ್ದರೆ ಗಡ್ಡೆಗೆ ಆಪರೇಷನ್ ಮಾಡಬಹುದಿತ್ತಂತೆ,” ಅಂದಳು ಅಕ್ಕ.

“ನಂಗೂ ಅದನ್ನೇ ಹೇಳಿದರು.”

“ತಿದ್ದೋಕೆ ಮುಂಚಿನದು ಇದೆಯಾ?”

“ಕ್ಯಾಮೆರಾದ ಮೂಲ ರಾ ಫೈಲ್ ಅಲ್ವಾ, ಏನೂ ಅಳಿಸಿಹೋಗಲ್ಲ. ತಿದ್ದಿದ್ದನ್ನ ತೆಗೆದರೆ ಹಳದಿ ವಾಪಸ್ ಬರುತ್ತೆ. ಡಾಕ್ಟರಿಗೆ ತೋರಿಸಲಾ?”

“ತೋರಿಸು. ಅಮ್ಮನ ಮುಂದೆ ಮಾತ್ರ ಬೇಡ. ಎಷ್ಟು ಲಕ್ಷಣವಾಗಿ ಬಂದಿದ್ದೀನಿ ನೋಡಿ ಅಂತ ನೀನು ತಿದ್ದಿದ ಆ ಫೋಟೊನ ವಾರ್ಡಿನವರಿಗೆಲ್ಲ ತೋರಿಸ್ತಾ ಇದ್ದಾಳೆ.”

ಬಾಗಿಲು ತೆರೆಯಿತು. ನರ್ಸ್ ಅವರ ಅಮ್ಮನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಳು. ಕಣ್ಣೊರೆಸಿಕೊಂಡು ತಮ್ಮ ಎದ್ದ.

“ಏನೋ, ಮುಖ ಯಾಕೆ ಹಾಗಿದೆ?” ಅಂದರು ಅಮ್ಮ.

“ಇಲ್ಲಿನ ಲೈಟು ಸರಿಯಿಲ್ಲಮ್ಮ,” ಅನ್ನುತ್ತಾ ಅವನು ಕುರ್ಚಿ ತಳ್ಳಿಕೊಂಡು ಹೊರಟ.