ಟಾಲಿವರ್ ಅಂಗಡಿಯ ತಣ್ಣನೆಯ ಕೈ

ಮಿಸಿಸಿಪ್ಪಿಯ ಆ ಊರಿನಲ್ಲಿ ಸುಂಟರಗಾಳಿಯ ಸೈರನ್ ಕೂಗಿದ ಮೇಲೆ ಚರ್ಚಿನ ನೆಲಮಾಳಿಗೆಗೆ ಇಳಿದವರು ಯಾರೂ ಇನ್ನೂ ಮೇಲಕ್ಕೆ ಹೋಗಿರಲಿಲ್ಲ. ಮಳೆ ಗೋಡೆಗೆ ರಪರಪನೆ ಬಡಿಯುತ್ತಿತ್ತು, ಕರೆಂಟು ಹೋಗಿತ್ತು. ಜೋಳದ ಬ್ರೆಡ್ಡು ಕೈಯಿಂದ ಕೈಗೆ ಸಾಗುತ್ತಿರುವಾಗ ಒಡೆಸ್ಸಾ ಅಜ್ಜಿ ಗಂಟಲು ಸರಿಮಾಡಿಕೊಂಡಳು.

"ದೆವ್ವ ಅಂದ್ರೆ ನಗ್ತೀರಲ್ಲ... ನಗಿ, ನಗಿ. ನಾನೂ ನಗ್ತಿದ್ದೆ. ನಮ್ಮ ರೂಫಸ್ ಟಾಲಿವರ್ ಹೆಂಗೆ ಸತ್ತ, ಗೊತ್ತಲ್ಲ? ಹಾಡಹಗಲು! ಅವನ ಅಂಗಡಿ ಪಕ್ಕದ ಲಾಂಡ್ರಿಗೆ ಯಾವನೋ ಬಂದೂಕು ಹಿಡ್ಕೊಂಡು ನುಗ್ಗಿದ. ಗಾಳ, ಎರೆಹುಳ ಮಾರ್ಕೊಂಡಿದ್ದ ನಮ್ಮ ರೂಫಸ್ಸು ತನ್ನ ಲೈಸೆನ್ಸಿನ ಪಿಸ್ತೂಲು ಹಿಡಿದು ಓಡಿದ, ಅವನನ್ನ ನೆಲಕ್ಕೆ ಕೆಡವಿದ, ಅಲ್ಲಿದ್ದ ಹೆಂಗಸರು ಮಕ್ಕಳನ್ನೆಲ್ಲ ಉಳಿಸಿದ. ಆಮೇಲೆ ಪೊಲೀಸ್ನೋರು ಬಂದ್ರು. ಅವರಿಗೆ ಕಂಡದ್ದೇನು? ಒಬ್ಬ ಕರಿಯ, ಅವನ ಕೈಲೊಂದು ಪಿಸ್ತೂಲು. ಯಾರಪ್ಪಾ ನೀನು ಅಂತ ಒಂದು ಮಾತು ಕೇಳ್ಬೇಕೋ ಬೇಡ್ವೋ? ...ಕೇಳ್ಲಿಲ್ಲ."

ರೂಫಸ್ಸನನ್ನು ಮಣ್ಣು ಮಾಡಿದ ಮೇಲೆ ಅಂಗಡಿ ಮಗಳು ವರ್ಲೀನಳ ಕೈಗೆ ಬಂತು. ಅಪ್ಪನಂತೆ ಅವಳೂ ಸೊಂಟಕ್ಕೆ ಪಿಸ್ತೂಲು ಸಿಗಿಸಿಕೊಂಡೇ ಗಲ್ಲಾದ ಹಿಂದೆ ನಿಲ್ಲುತ್ತಿದ್ದಳು.

"ಅಪ್ಪನ್ನ ನುಂಗಿದ್ದೇ ಅದು ಕಣೇ, ಹೊಳೆಗೆ ಎಸಿ" ಎಂದು ಗೆಳತಿಯರು ಬೈದರೆ, "ನುಂಗಿದ್ದು ಅದಲ್ಲ" ಎಂದಷ್ಟೇ ಹೇಳಿ ಹುಳದ ಡಬ್ಬಿ ತುಂಬುತ್ತಿದ್ದಳು.

ವರ್ಷಗಳು ಕಳೆದವು. ಒಂದು ಶನಿವಾರ ಮಧ್ಯಾಹ್ನ, ಅಂಗಡಿಯ ಹೊರಗೆ ಮೀನು ಕರಿಯುತ್ತಿದ್ದ ಬಾಣಲೆಯ ಸುತ್ತ ಊರೇ ನೆರೆದಿದ್ದಾಗ, ಎದುರುಮನೆಯ ಕ್ಲೋಟೀಲ್ ಬರಿಗಾಲಲ್ಲಿ ಓಡಿಬಂದು ಗಲ್ಲಾದ ಹಿಂದೆ ಅಡಗಿದಳು. ಬೆನ್ನಟ್ಟಿ ಬಂದವನು ಅವಳ ಗಂಡ. ಕೈಯಲ್ಲಿ ರೈಫಲ್ಲಿತ್ತು.

"ಎಲ್ಲಿ ಅವಳು? ಇವತ್ತು ಮುಗಿಸೇಬಿಡ್ತೀನಿ!"

ಅವನು ರೈಫಲ್ ಎತ್ತುವಷ್ಟರಲ್ಲಿ ವರ್ಲೀನಳ ಪಿಸ್ತೂಲು ಅವನ ಎದೆಗೆ ನೇರವಾಗಿತ್ತು.

"ಕೆಳಗೆ ಹಾಕು. ಮಂಡಿಯೂರು."

ಹಾಕಿದ. ಊರಿದ. ಅಷ್ಟರಲ್ಲಿ ಹೊರಗೆ ಪೊಲೀಸ್ ಗಾಡಿಯ ಸದ್ದು.

"ಈಗ ನೀವೇ ಹೇಳಿ ಮಕ್ಕಳಾ," ಎಂದಳು ಅಜ್ಜಿ, "ಅವಳೇನು ಮಾಡ್ಬೇಕು? ಪಿಸ್ತೂಲು ಇಳಿಸಿದ್ರೆ ಅವನು ರೈಫಲ್ ಎತ್ತಿಕೋತಾನೆ. ಇಳಿಸದಿದ್ರೆ... ಅಪ್ಪನಿಗಾದ ಗತೀನೇ."

ಬಾಗಿಲಲ್ಲಿ ಬೂಟಿನ ಸದ್ದಾಯಿತು. ಆಗ ಅಪ್ಪನ ಮೈಯದ್ದೇ ಆದ, ತಂಬಾಕು, ಹೊಳೆಮಣ್ಣು ಬೆರೆತ ವಾಸನೆ ಹತ್ತಿರ ಬಂತು. ಒಂದು ಕೈ, ಬಾವಿನೀರಿನಷ್ಟು ತಣ್ಣಗಿದ್ದದ್ದು, ವರ್ಲೀನಳ ಮಣಿಕಟ್ಟನ್ನು ಮೆಲ್ಲಗೆ ಕೆಳಕ್ಕೆ ಒತ್ತಿತು.

"ಇಳಿಸು ಮಗಳೇ. ಇವನನ್ನ ನಾನು ನೋಡ್ಕೋತೀನಿ."

ಅವಳು ಪಿಸ್ತೂಲನ್ನು ನೆಲಕ್ಕಿಟ್ಟು ಎರಡೂ ಕೈ ಮೇಲೆತ್ತಿದಳು. ಕ್ಲೋಟೀಲಳ ಗಂಡ ರೈಫಲ್ಲಿಗೆ ಹಾರಿ ಬಾಚಿಕೊಂಡ. ಅದು ಮೇಲೇಳಲಿಲ್ಲ! ಯಾರೋ ಅದರ ಮೇಲೆ ಕಾಲೂರಿ ನಿಂತ ಹಾಗೆ ನೆಲಕ್ಕೆ ಕಚ್ಚಿಕೊಂಡಿತ್ತು. ಅವನು ಎಳೆದ, ಉಗುರು ಕಿತ್ತುಬರುವ ಹಾಗೆ ಎಳೆದ, ಕೊನೆಗೆ ಖಾಲಿ ಗೋಡೆಯನ್ನು ನೋಡಿ ಕಿರುಚಿದ.

ಬಾಗಿಲಲ್ಲಿ ನಿಂತ ಪೊಲೀಸಿನವನ ಬಂದೂಕು ವರ್ಲೀನಳ ಕಡೆಗೇ ತಿರುಗಿತ್ತು. ಟ್ರಿಗರ್ ಮೇಲಿಟ್ಟ ಬೆರಳು ಮಾತ್ರ ಬಾಗಲೊಲ್ಲದು. ಬೆವರು ಒರೆಸಿಕೊಳ್ಳುತ್ತಾ ಅವನು ಕೇಳಿದ, "ಯಾರಮ್ಮಾ ನೀನು?"

ಅವಳ ಅಪ್ಪನಿಗೆ ಸಿಗದೇ ಹೋದ ಪ್ರಶ್ನೆ. ವರ್ಲೀನ್ ತಲೆಯೆತ್ತಿ ಹೇಳಿದಳು, "ಅಂಗಡಿ ನಂದು. ನಾನು ರೂಫಸ್ ಟಾಲಿವರ್ ಮಗಳು!"

ಹೊರಗಿದ್ದ ಜನ ಹೋ ಎಂದು ಕೂಗಿದರು. ಕ್ಲೋಟೀಲಳ ಗಂಡನಿಗೆ ಬೇಡಿ ಬಿದ್ದಾಗ ಮೀನು ಕರಿಯುವವನು ಸೌಟು ಬಾರಿಸಿದ, ಹೆಂಗಸರು ಹಾಡು ಹೇಳುತ್ತಾ ವರ್ಲೀನಳನ್ನು ಹೊತ್ತುಕೊಂಡೇ ಬೀದಿಗೆ ತಂದರು. ಪೊಲೀಸಿನವನು ಮಾತ್ರ ಅಂಗಡಿಯ ಮೂಲೆಮೂಲೆ ಹುಡುಕುತ್ತಿದ್ದ. "ನನ್ನ ಬೆರಳು ಹಿಡ್ಕೊಂಡಿದ್ದ ಹಿರಿಯರು ಎಲ್ಲಿ ಹೋದ್ರು?"

ಅಜ್ಜಿ ಕತ್ತಲಲ್ಲಿ ಒಬ್ಬೊಬ್ಬರ ಕಡೆಗೂ ತಿರುಗಿದಳು.

"ಆವತ್ತಿಂದ ಈ ಊರಲ್ಲಿ ಹೆಸರು ಕೇಳದೆ ಗುಂಡು ಹಾರಿದ್ದುಂಟಾ? ಇಲ್ಲ... ರೂಫಸ್ಸು ಬಿಡೋದಿಲ್ಲ. ನಿಮ್ಮಲ್ಲೂ ಸೊಂಟಕ್ಕೆ ಸಿಗಿಸಿಕೊಂಡು ಬಂದೋರು ಇದೀರಿ, ನಂಗೊತ್ತು. ಹೇಳಿ ಮತ್ತೆ... ಈಗ ಯಾರ ಮಣಿಕಟ್ಟು ತಣ್ಣಗಾಗ್ತಿದೆ?"