ಮೀಸೆ ಸಾಹೇಬರ ಸೈಕಲ್ ಗಂಟೆ

ಅಯ್ಯೋ, ಆ ಸೂಟ್‌ಕೇಸ್ ಕೆಳಗಾದ್ರೂ ಇಡು ಅಕ್ಕ! ಟಿಕೆಟ್ ಬರೋಕೆ ಮುಂಚೆ ಸೂಟ್‌ಕೇಸ್ ಕೊಂಡ್ಕೊಂಡು, ಅದನ್ನ ಹಿಡ್ಕೊಂಡೇ ನಿಂತಿದೀಯಲ್ಲ, ವಿಮಾನ ವರ್ಕ್‌ಶಾಪ್ ಬಾಗಿಲಿಗೇ ಬರುತ್ತೆ ಅನ್ನೋ ಹಾಗೆ... ಹ್ಹ ಹ್ಹ! ಇನ್ನೊಂದ್ಸಲ ಹೇಳ್ಬೇಕಾ? ಮೀಸೆ ಸಾಹೇಬ ಅನ್ನೋನೇ ಇಲ್ಲ. ಏಳು ತಿಂಗಳಿಂದ ನಿನ್ನ ಸೈಕಲ್ ಗಂಟೆ ಬೇಕು ಬೇಕು ಅಂತ ಹೊರದೇಶದಿಂದ ಬರೀತಿದ್ನಲ್ಲ, ಆ ದೊಡ್ಡ ವ್ಯಾಪಾರಿ... ನಾನೇ! ನಿನ್ನ ಸ್ವಂತ ತಮ್ಮ!

ನಗು ಬರ್ಲಿಲ್ವಾ? ಚೂರೂ? ಯಾಕೆ ಹಾಗೆ ನೋಡ್ತೀಯ? ಚಿಕ್ಕಂದಿನಲ್ಲಿ ನಿನ್ನ ಜಡೇನ ಕುರ್ಚಿಗೆ ಕಟ್ಟಿದ್ದೆ, ಆಗಲೂ ನೀನು ಹೀಗೇ ನೋಡಿದ್ದೆ. ಆಮೇಲೆ ನಕ್ಕೆ ತಾನೆ? ನಕ್ಕಿರ್ಲಿಲ್ವಾ? ನಕ್ಕೆ ಅಂತಲೇ ನನ್ನ ನೆನಪು. ಇರ್ಲಿ ಬಿಡು.

ಕೇಳು, ತಪ್ಪು ನನ್ನದಲ್ಲ, ಸರ್ಕಾರದ್ದು! ಹೊಸ ದೇಶಗಳಿಗೆ ಸಾಮಾನು ಕಳಿಸೋ ಸಣ್ಣ ಕಾರ್ಖಾನೆಯವರಿಗೆ ವಿಮಾನದ ಟಿಕೆಟ್ ಕೊಡ್ತೀವಿ, ಅಲ್ಲಿನ ಮೇಳದಲ್ಲಿ ಮಳಿಗೆ ಕೊಡಿಸ್ತೀವಿ, ಸಾಗಣೆ ಖರ್ಚಲ್ಲಿ ಅರ್ಧ ನಾವೇ ಹೊರ್ತೀವಿ ಅಂತ ಯೋಜನೆ ತಂದಿದ್ದು ಯಾರು? ಒಂದೇ ಷರತ್ತು, ಅಲ್ಲಿನ ವ್ಯಾಪಾರಿಯೊಬ್ಬ 'ನಮಗೆ ಬೇಕು' ಅಂತ ಬರೆದುಕೊಡ್ಬೇಕು. ರಫ್ತು ಕಚೇರಿಯವರು ಅಂಗಡಿ ವಿಳಾಸಗಳ ಪುಸ್ತಕ ಕೊಟ್ರು. ನೀನು ತಂದು ನನ್ನ ಮುಂದೆ ಹಾಕ್ದೆ. 'ಇಂಗ್ಲಿಷ್ ಬರೋದು ನಿನಗೊಬ್ಬನಿಗೇ ಕಣೋ, ಎಲ್ಲರಿಗೂ ಮೇಲ್ ಹಾಕು' ಅಂದೆ. ನಲವತ್ತು ಅಂಗಡಿ ಅಕ್ಕ! ಯಾರು ಬರೀತಾರೆ? ಕಣ್ಮುಚ್ಚಿ ಒಂದು ಸೈಕಲ್ ಅಂಗಡಿ ಮೇಲೆ ಬೆರಳಿಟ್ಟೆ, ಅವನ ಹೆಸರಲ್ಲಿ ನಾನೇ ಉತ್ತರ ಬರೆದು ಪ್ರಿಂಟ್ ತಂದೆ. ಕೆಲಸ ಎಷ್ಟು ಹಗುರ ಆಯ್ತು!

ಆವತ್ತು ನಿನ್ನ ಮುಖ ನೋಡ್ಬೇಕಿತ್ತು ನೀನು! ವರ್ಕ್‌ಶಾಪಿನ ಆರು ಹೆಂಗಸರನ್ನೂ ಕೆಲಸ ನಿಲ್ಲಿಸಿ ಸುತ್ತ ಕೂರಿಸ್ಕೊಂಡು, 'ಇನ್ನೊಂದ್ಸಲ ಓದೋ, ನಿಧಾನಕ್ಕೆ ಓದೋ' ಅಂದೆ. ಅಷ್ಟು ಆಸೆಯಿಂದ ಕೇಳೋರು ಸಿಕ್ಕಿದ್ರೆ ಬರೆಯೋ ಕೈ ನಿಲ್ಲುತ್ತಾ, ಹೇಳು?

ಮೀಸೆ ಬಂದಿದ್ದು ಮೂರನೇ ಪತ್ರದಲ್ಲಿ. 'ನಿಮ್ಮ ಗಂಟೆ ಕೇಳಿ ನನ್ನ ಮೀಸೆ ನಿಮಿರಿತು, ಆದರೆ ನಮ್ಮೂರ ಕತ್ತೆಗಳು ಬೆದರುತ್ತವೆ, ಸದ್ದು ಮೆತ್ತಗಾಗಲಿ.' ನೀನು ಗಂಟೆಯ ಬಟ್ಟಲು ತೆಳ್ಳಗೆ ಮಾಡ್ದೆ. 'ಇಷ್ಟು ಮೆತ್ತಗಾದರೆ ನಮ್ಮ ಅತ್ತೆಗೆ ಕೇಳಿಸೋದಿಲ್ಲ' ಅಂತ ನಾನು ಬರೆದೆ. ನೀನು ಮತ್ತೆ ದಪ್ಪ ಮಾಡ್ದೆ! ಹನ್ನೊಂದು ಸಲ ಅಕ್ಕ, ಹನ್ನೊಂದು ಸಲ! ಅರ ಹಿಡಿದು ಉಜ್ಜಿ ಉಜ್ಜಿ, ಬೆರಳ ತುದಿ ಚರ್ಮ ಎದ್ದುಹೋಗಿ, ಅದಕ್ಕೆ ಬಟ್ಟೆ ಸುತ್ಕೊಂಡು ಮತ್ತೆ ಉಜ್ಜಿ... ಕಳಿಸೋಕೆ ಅಂತ ನನ್ನ ಕೈಗೆ ಕೊಟ್ಟೆಯಲ್ಲ ಆ ಗಂಟೆಗಳೆಲ್ಲ, ಎಲ್ಲಿವೆ ಗೊತ್ತಾ? ನನ್ನ ಮಂಚದ ಕೆಳಗೆ! ಬೆಕ್ಕು ನುಗ್ಗಿದಾಗೆಲ್ಲ ಟ್ರಿಣ್ ಅನ್ನುತ್ತೆ! ಹ್ಹ ಹ್ಹ ಹ್ಹ...

ಊಹೂಂ. ಇದಕ್ಕೂ ನಗು ಇಲ್ಲ.

ಬಟ್ಟಲು ಒತ್ತೋ ಪ್ರೆಸ್ ಯಂತ್ರದ ಕಡೆ ಯಾಕೆ ನೋಡ್ತಿದೀಯ? ಗೊತ್ತು ಗೊತ್ತು. ಈ ರಫ್ತು ಆಗ್ಲಿಲ್ಲ ಅಂದ್ರೆ ತಿಂಗಳ ಕೊನೆಗೆ ಬಾಗಿಲು ಹಾಕ್ಬೇಕು, ಅದನ್ನ ಗುಜರಿಯವನು ಎತ್ಕೊಂಡು ಹೋಗ್ತಾನೆ, ಆರು ಜನ ಮನೆಗೆ ಹೋಗ್ತಾರೆ. ಹೋಗ್ಲಿ! ಈ ಊರಲ್ಲಿ ಸೈಕಲ್ ತುಳಿಯೋರು ಎಲ್ಲಿದಾರೆ ಈಗ? ಭಾವ ಹೋದಾಗಲೇ ಮುಚ್ಚಿಬಿಡು ಅಂದಿದ್ದೆ. ಕೇಳಿದ್ಯಾ? 'ಸೈಕಲ್ ತುಳಿಯೋ ದೇಶ ಎಲ್ಲೋ ಒಂದು ಇದ್ದೇ ಇರುತ್ತೆ ಕಣೋ' ಅಂದೆ, ಗಲ್ಲ ಎತ್ಕೊಂಡು... ಅಬ್ಬಾ, ಆ ಗಲ್ಲ!

ಏನಾದ್ರೂ ಬೈಯಿ. ಹೊಡಿ ಬೇಕಾದ್ರೆ. ಏನದು, ಇನ್ನೊಂದು ಕೈಲಿ? ಕವರಾ? ರಫ್ತು ಕಚೇರಿ ಮುದ್ರೆ ಇದೆ... ಅಲ್ಲಿಂದಾನೇ ಬರ್ತಿದೀಯಾ?

ಓಹೋ! ಹಾಗಾದ್ರೆ ಎಲ್ಲಾ ಗೊತ್ತಾಗಿದೆ ನಿನಗೆ.

ಟಿಕೆಟ್ ಕೊಡೋಕೆ ಮುಂಚೆ ಕಚೇರಿಯವರು ಅಲ್ಲಿರೋ ತಮ್ಮ ಮನುಷ್ಯನನ್ನ ವ್ಯಾಪಾರಿ ಬಾಗಿಲಿಗೇ ಕಳಿಸಿ ವಿಚಾರಿಸ್ತಾರಂತೆ. ನನಗೂ ಮೊನ್ನೆ ಗೊತ್ತಾಯ್ತು. ಹೋಗಿದ್ನಾ ಅವನು? ಅಂಗಡಿಯವನ ಹತ್ರ ಮಾತಾಡಿದ್ನಾ? ...ಆಗ್ಲಿ, ಹೇಳ್ಬೇಡ. ಎಲ್ಲಾ ತಿಳ್ಕೊಂಡೇ ಬಂದು, ನನ್ನ ಬಾಯಿಂದಲೇ ಹೊರಡ್ಲಿ ಅಂತ ಕಾಯ್ತಿದೀಯ. ಜಾಣೆ ಕಣೆ ನೀನು!

ಸರಿ, ಒಪ್ಕೊಂಡೆ. ಅಂಗಡಿ ನಿಜ. ಅಂಗಡಿಯವನೂ ನಿಜ. ಕಚೇರಿಯವರು ತಮ್ಮ ಪಾಡಿಗೆ ತಾವು ನೀನು ಅರ್ಜಿ ಜೊತೆ ಕೊಟ್ಟಿದ್ದ ಗಂಟೆ ಅವನಿಗೆ ಕಳಿಸಿಬಿಡ್ತಾರೆ ಅಂತ ನಾನೇನು ಕನಸು ಕಂಡಿದ್ನಾ? ಎಷ್ಟು ಮೇಲ್ ಹಾಕ್ದೆ ಅಂದ ಅವನು? ಮೂರು ಅಂದ್ನಾ? ನಾಲ್ಕು? ಸುಳ್ಳು ಅಕ್ಕ, ನಾನು ನೋಡೋ ನಮ್ಮ ವರ್ಕ್‌ಶಾಪ್ ಮೇಲ್‌ಗೆ ಎರಡೇ ಬಂದಿದ್ದು! ಮೊದಲನೇದ್ರಲ್ಲಿ, ಸದ್ದು ಚೆನ್ನಾಗಿದೆ, ಎಷ್ಟು ಸಾವಿರ ಕಳಿಸೋಕಾಗುತ್ತೆ ಅಂತ. ಎರಡನೇದ್ರಲ್ಲಿ, ಉತ್ತರ ಇಲ್ಲ, ಬೇರೆಯವರ ಹತ್ರ ತಗೊಳ್ತೀನಿ ಅಂತ. ಅಳಿಸಿಬಿಟ್ಟೆ. ಹೌದು, ಎರಡನ್ನೂ ಅಳಿಸಿಬಿಟ್ಟೆ! ಇನ್ನೇನು ಮಾಡ್ಲಿ? ನೀನು ವಿಮಾನ ಹತ್ತೋದು, ಆ ಆರೂ ಹೆಂಗಸರು ಕೈಬೀಸಿ ಕಳಿಸೋದು, ನಾನು ಇಲ್ಲಿ ನಿನ್ನ ಡಬ್ಬಗಳಿಗೆ ಚೀಟಿ ಅಂಟಿಸ್ಕೊಂಡು ಕೂರೋದಾ? ನನ್ನ ಸಾಹೇಬನ ಪತ್ರಕ್ಕೆ ಕಣ್ಣಲ್ಲಿ ನೀರು ತಂದ್ಕೊಂಡೋಳು ನೀನು! ಆ ನಿಜದವನು ಬರೆದಿದ್ದು ಒಣ ಒಣ ಎರಡು ಸಾಲು, ಅಷ್ಟಕ್ಕೇ...

ಏಯ್... ಯಾಕೆ ಕೂತೆ? ಕಬ್ಬಿಣದ ಪುಡಿ ಮೇಲೇ ಕೂತ್ಯಲ್ಲ! ಗೊತ್ತಿತ್ತಲ್ಲ ನಿನಗೆ! ಕಚೇರಿಯವರು ಹೇಳಿದ್ರಲ್ಲ! ಆ ಕವರಲ್ಲೇ ಇದೆಯಲ್ಲ ಎಲ್ಲ... ಕೊಡಿಲ್ಲಿ, ಕೊಡು...

ಅಕ್ಕ, ಇದರ ಅಂಟು ಬಿಚ್ಚೇ ಇಲ್ಲ.

...ನನ್ನ ಹತ್ರ ಓದಿಸ್ಕೊಳ್ಳೋಣ ಅಂತ ತಂದ್ಯಾ?